ಮಣ್ಣಿನ ಸವತಿ

ಮಣ್ಣಿನವಳಾದರೂ ಸವತಿ ಸವತಿಯೇ ಅನ್ನುತ್ತಾರೆ.
ನೀನಂತೂ ಬರೀ ಮಣ್ಣೇ.
ಬೋಬಾಬ್ ಮರಗಳಾಚೆ, ಗುಡ್ಡದ ಬೆನ್ನಿಗೆ
ಆಳೆತ್ತರ ನಿಂತವಳು,
ಹೊಟ್ಟೆ ಉಬ್ಬಿದವಳು,
ಎದೆಗೆರಡು ಮೊಲೆ ಮೆತ್ತಿಸಿಕೊಂಡವಳು.
ಮೆತ್ತಿದವನು ನನ್ನ ಗಂಡ ತ್ಯೆಮೊಕೊ.
ಆ ಕೈ ನನಗೆ ಗೊತ್ತು.

ಏಳು ರಾತ್ರಿಯಾಯಿತು, ಅವನು ನನ್ನ ಚಾಪೆಗೆ ಬಂದಿಲ್ಲ.
ಹೆಣ್ಣು ಮುಟ್ಟಿ ಬಂದ ಮೈಗೆ ನೀನು ಮುನಿಯುತ್ತೀಯಂತೆ,
ಕಬ್ಬಿಣ ಕಟ್ಟದೆ ಬರೀ ಕಿಟ್ಟ ಕಕ್ಕುತ್ತೀಯಂತೆ.
ಮಾವ ಬೂದಿಯಲ್ಲಿ ಗೆರೆ ಎಳೆದಿದ್ದಾನೆ.
ನಾನು ಅದರ ಈಚೆ.

ಆದರೂ ನೀನು ಉಸಿರಾಡುವುದು
ನನ್ನ ಕೊಳವೆಗಳಲ್ಲಿ, ಅಕ್ಕ.
ಜೊಲಿಬಾ ಹೊಳೆಯಂಚಿನ ಕಪ್ಪು ಜೇಡಿಗೆ
ಸಜ್ಜೆಯ ಹೊಟ್ಟು ಬೆರೆಸಿ, ಒಡೆದ ಗಡಿಗೆ ಕುಟ್ಟಿ ಹಾಕಿ,
ಹಿಮ್ಮಡಿಯಲ್ಲಿ ತುಳಿದು,
ಒನಕೆಗಾತ್ರದ ಕೋಲಿಗೆ ಸುತ್ತಿ, ತಟ್ಟಿ,
ಕೋಲನ್ನು ಮೆಲ್ಲಗೆ ಎಳೆದು ತೆಗೆದು
ನೆರಳಲ್ಲಿ ಒಣಗಿಸಿದ್ದು ಒಂಬತ್ತು.
ಬಿಸಿಲಿಗಿಟ್ಟರೆ ಸೀಳುತ್ತವೆ. ಇದು ಅತ್ತೆ ಹೇಳಿಕೊಟ್ಟಿದ್ದು,
ಕೆನ್ನೆಗೊಂದು ಕೊಟ್ಟು.

ರಾತ್ರಿ ಅಂಗಳದಲ್ಲಿ ಕೂತು ಕೇಳುತ್ತೇನೆ.
ಮೇಕೆ ತೊಗಲಿನ ತಿದಿಗಳು ಬುಸ್ಸೆನ್ನುತ್ತವೆ,
ಒಬ್ಬ ಹುಡುಗ ದಣಿದರೆ ಇನ್ನೊಬ್ಬ, ಮತ್ತೆ ಬುಸ್ಸು.
ಬೇನೆ ತಿನ್ನುವವಳಿಗೆ ಸೂಲಗಿತ್ತಿ ಹೇಳುವಂತೆ
ಮಾವ ನಿನಗೆ ಹೇಳುತ್ತಾನೆ:
ತಾಳು, ತಾಯಿ, ತಾಳು, ಈಗಲೇ ಮುಕ್ಕಬೇಡ.
ನಾನು ಹೆರುವಾಗ ಈ ಗಂಡಸರಲ್ಲಿ ಒಬ್ಬನೂ
ಇಷ್ಟು ಮೆತ್ತಗೆ ಮಾತಾಡಿದ್ದಿಲ್ಲ.

ಬೇಸಾಯದವರು ಹಗಲು ನಮ್ಮ ಓಣಿಗೆ ಬರುತ್ತಾರೆ
ಗುದ್ದಲಿಗೆ, ಬಾಣದ ಮೊನೆಗೆ,
ಮುರಿದ ಮಾತು ಬೆಸೆಸಿಕೊಳ್ಳಲಿಕ್ಕೆ.
ನಮ್ಮ ಮನೆಯ ಹೆಣ್ಣನ್ನು ಮಾತ್ರ ಕೇಳುವುದಿಲ್ಲ.
ನಮ್ಮ ಬೆವರಿನಲ್ಲಿ ಏನೋ ಇದೆಯಂತೆ, ಸುಡುತ್ತದಂತೆ.
ಇರಲಿ. ಬರಿಗೈಯಲ್ಲಿ ನೆಲ ಅಗೆಯಲಿ, ನೋಡೋಣ.

ಮೂರನೆಯ ಜಾವ. ಬಂಜುಗು ಓಡಿ ಬಂದ,
ಮುಖವೆಲ್ಲ ಮಸಿ, ರೆಪ್ಪೆಗೂದಲು ಸುಟ್ಟಿತ್ತು.
ಅವ್ವಾ, ಮೂಡಣದ ಕೊಳವೆ ಕರಗಿಹೋಯಿತು,
ಅವಳು ಒಂದು ಪಕ್ಕ ತಣ್ಣಗಾಗುತ್ತಿದ್ದಾಳೆ.

ನನ್ನ ಹೊಟ್ಟೆಯ ಮಗ ನಿನ್ನನ್ನು ಅವಳು ಅಂದ.
ತಣ್ಣಗಾಗಲಿ, ಅಂದಿತು ಒಳಗೊಂದು ದನಿ.
ಸುಳ್ಳೇಕೆ ಹೇಳಲಿ.

ಆಮೇಲೆ ಎದ್ದೆ.
ಹತ್ತನೆಯದೊಂದಿತ್ತು, ಕಣಜದ ಕೆಳಗೆ,
ಯಾರಿಗೂ ಹೇಳದೆ ಮಾಡಿಟ್ಟದ್ದು.
ಹಸಿ ಇರುವಾಗ ಅದರ ಬಾಯಂಚಿಗೆ
ಹೆಬ್ಬೆರಳು ಒತ್ತಿದ್ದೆ, ಸುಮ್ಮನೆ.
ಗೆರೆಯ ತನಕ ಹೊತ್ತುಕೊಂಡು ಹೋದೆ.
ಆಚೆ ಅವನು.
ಕೈಗೆ ಕೈ ತಾಗದಂತೆ ನೆಲಕ್ಕಿಟ್ಟೆ, ಎತ್ತಿಕೊಂಡ.
ಒಣಗಿದೆಯಾ? ಅಂದ, ಅಷ್ಟೇ.
ನಿನಗಿಂತ, ಅಂದೆ.
ನಕ್ಕನೇನೋ. ಬೆಂಕಿ ಅವನ ಬೆನ್ನಿಗಿತ್ತು,
ಮುಖ ಕಾಣಲಿಲ್ಲ.

ಬೆಳಗಿಗೆ ನಿನ್ನ ಹೊಟ್ಟೆ ಒಡೆದು ಕೂಸನ್ನೆಳೆದರು.
ಕೂಸೆಂದರೆ ಕೂಸೇ, ಕೆಂಪಗೆ, ಮುದ್ದೆ ಮುದ್ದೆ,
ಎಲ್ಲ ಕೂಸುಗಳ ಹಾಗೆ ಮೊದಲ ದಿನ ಕುರೂಪ.
ಗಂಡಸರು ಕೇಕೆ ಹಾಕಿದರು, ಕೋಳಿ ಕೊಯ್ದರು,
ಸಜ್ಜೆಯ ಹೆಂಡ ಸುರಿದುಕೊಂಡರು.
ಕೂಸಿನ ಹಿಂದೆ ಅಡಿಗಲ್ಲಿನ ಕಡೆ ನಡೆದರು ಎಲ್ಲರೂ.
ನಿನ್ನತ್ತ ಒಬ್ಬ ತಿರುಗಿ ನೋಡಲಿಲ್ಲ.

ಅಷ್ಟೊಂದು ಕಾಲು ತುಳಿದ ಮೇಲೆ ಗೆರೆ ಎಲ್ಲಿಯದು?
ನಾನು ಬಂದೆ.
ಕಿಟ್ಟದ ರಾಶಿಯಲ್ಲಿ ಮೊಣಕಾಲೂರಿ ಕೆದಕಿದೆ.
ಸಿಕ್ಕಿತು ಹತ್ತನೆಯದರ ಮೋಟು.
ಒಂದು ತುದಿ ಕರಗಿ ಹಸಿರುಗಪ್ಪು ಗಾಜು,
ಇನ್ನೊಂದರಲ್ಲಿ ನನ್ನ ಹೆಬ್ಬೆರಳು, ಗೆರೆಗೆರೆಯಾಗಿ, ಹಾಗೇ.
ಒಳಗೆ ಕಣ್ಣಿಟ್ಟು ನೋಡಿದೆ. ಕಟ್ಟಿಹೋಗಿದೆ,
ಆಚೆಯ ಬೆಳಕು ಕಾಣುವುದಿಲ್ಲ.

ಇನ್ನೂ ಬಿಸಿ ಆರದ ನಿನ್ನ ಗೋಡೆಗೆ
ಬೆನ್ನು ಕೊಟ್ಟು ಕೂತೆ, ಬಾಣಂತಿಯ ಪಕ್ಕ ಕೂತಂತೆ.
ಬಿಸಿನೀರು ಕಾಯಿಸಲೇ ಎಂದು ಕೇಳುವುದು ವಾಡಿಕೆ.
ನಿನ್ನನ್ನು ಏನೆಂದು ಕೇಳಲಿ?

ಹೊಳೆ ಇಳಿಯುತ್ತಿದೆ, ಅಕ್ಕ.
ದಂಡೆಯ ಮಣ್ಣು ಗಟ್ಟಿಯಾಗುವ ಮುಂಚೆ
ನಾನು ಹೋಗಬೇಕು.